ಮಳೆಗಾಲದ ಮೇಲೆ ಹೊರಿಸಿದ ತಪ್ಪು

ರೈಫಲ್ ಗುರಿಯಾಟ ಹವ್ಯಾಸವಾಗಿರುವ ದೇಶಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಹಾರಿಸಿದ ಕಾಡತೂಸನ್ನು ಎಸೆಯದೆ ಮನೆಯಲ್ಲೇ ಮತ್ತೆ ತುಂಬಿಸಿಕೊಳ್ಳುವವರು ತುಂಬಾ ಜನ ಇದ್ದಾರೆ. ಗ್ಯಾರೇಜಿನ ಮೂಲೆಯಲ್ಲೊಂದು ಮೇಜು, ಮೇಜಿಗೆ ಬಿಗಿದ ಒಂದು ಕೈಪ್ರೆಸ್. ಖಾಲಿ ಹಿತ್ತಾಳೆ ಕೇಸನ್ನು ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ, ಹೊಸ ಪ್ರೈಮರ್ ಕೂರಿಸುತ್ತಾರೆ, ಮದ್ದು ತೂಗಿ ಸುರಿಯುತ್ತಾರೆ. ಕೊನೆಗೆ ಗುಂಡನ್ನು ಕೇಸಿನ ಕುತ್ತಿಗೆಯೊಳಗೆ ಒತ್ತಿ ಕೂರಿಸುತ್ತಾರೆ. ತಕರಾರು ಶುರುವಾಗೋದು ಇಲ್ಲೇ. ಒಂದು ಗುಂಡು ಸಲೀಸಾಗಿ ಜಾರಿ ಇಳಿಯುತ್ತೆ. ಮುಂದಿನದು ಅರ್ಧಕ್ಕೆ ಹಟ ಹಿಡಿಯುತ್ತೆ. ಅದೇ ಡೈ, ಅದೇ ಗುಂಡಿನ ಡಬ್ಬಿ, ಅದೇ ಕೈ. ಆದರೂ ಹಿಡಿತ ಮಾತ್ರ ಒಂದರಿಂದ ಒಂದಕ್ಕೆ ಬೇರೆ.

ಇದಕ್ಕೆ ಅವರು ನೆಕ್ ಟೆನ್ಷನ್ ಅಂತಾರೆ. ಅಂದರೆ, ಕೇಸಿನ ಕುತ್ತಿಗೆ ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನೋದು. ಗುಂಡಿಗಿಂತ ಕುತ್ತಿಗೆಯ ಒಳಅಳತೆ ಸಾಮಾನ್ಯವಾಗಿ ಒಂದು ಇಂಚಿನ ಸಾವಿರದ ಒಂದರಿಂದ ಮೂರು ಭಾಗದಷ್ಟು ಚಿಕ್ಕದಿರುತ್ತೆ. ಎರಡು ಭಾಗ ಅಂತಿಟ್ಟುಕೊಂಡರೆ 0.05 ಮಿಲಿಮೀಟರ್, ಸಣ್ಣ ಕೂದಲೆಳೆಯಷ್ಟು. ಇಷ್ಟಕ್ಕೇ ಯಾಕೆ ತಲೆಬಿಸಿ ಅಂದರೆ, ಮದ್ದು ಹೊತ್ತಿಕೊಂಡಾಗ ಕುತ್ತಿಗೆ ಗುಂಡನ್ನು ಯಾವ ಗಳಿಗೆಯಲ್ಲಿ ಬಿಟ್ಟುಕೊಡುತ್ತೆ ಅನ್ನೋದರ ಮೇಲೆ ಒಳಗಿನ ಒತ್ತಡ ಏರುವ ರೀತಿ ನಿಂತಿದೆ. ಹಿಡಿತ ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ಗುಂಡಿನ ವೇಗವೂ ಹಾಗೇ ಆಗುತ್ತೆ, ದೂರದ ಗುರಿಹಲಗೆಯ ಮೇಲೆ ಗುಂಡುಗಳು ಮೇಲೆ-ಕೆಳಗೆ ಚದುರುತ್ತವೆ.

ಗ್ಯಾರೇಜಿನಲ್ಲಿ ನಿಂತವನು ಮೊದಲು ಡೈ ಬದಲಾಯಿಸ್ತಾನೆ. ಆಮೇಲೆ ಪ್ರೆಸ್. ಆಮೇಲೆ ಗುಂಡಿನ ಬ್ರಾಂಡ್. ತಪ್ಪು ಇರೋದು ಹೊರಗಿನ ಸಾಮಾನಿನಲ್ಲಲ್ಲ, ಹಿತ್ತಾಳೆಯ ಒಳಗೇ ಇರಬಹುದು ಅಂತ ಹೊಳೆಯುವಷ್ಟರಲ್ಲಿ ಸುಮಾರು ದುಡ್ಡು ಖರ್ಚಾಗಿರುತ್ತೆ. ಅವನನ್ನು ನೋಡಿ ನಗೋದು ಬೇಡ. ಇದೇ ಕುತ್ತಿಗೆಯ ವಿಷಯದಲ್ಲಿ ಒಂದು ಸಾಮ್ರಾಜ್ಯವೇ ದಶಕಗಳ ಕಾಲ ತಪ್ಪು ಜಾಗದಲ್ಲಿ ಹುಡುಕಿತ್ತು. ಅದೂ ನಮ್ಮ ದೇಶದಲ್ಲಿ, ನಮ್ಮ ಮಳೆಗಾಲದಲ್ಲಿ.

ಕಾಡತೂಸು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಸ್ಕೂಲಿನ ಇತಿಹಾಸ ಪುಸ್ತಕದ 1857. ಎನ್‌ಫೀಲ್ಡ್ ರೈಫಲ್, ಹಲ್ಲಿನಿಂದ ಕಚ್ಚಿ ಹರಿಯಬೇಕಿದ್ದ ಕಾಡತೂಸು, ಅದಕ್ಕೆ ಸವರಿದ್ದ ಕೊಬ್ಬು. ಆ ಕಾಡತೂಸು ಕಾಗದದ್ದು. ಕಾಗದದ ಸುರುಳಿಯೊಳಗೆ ಮದ್ದು ಮತ್ತು ಗುಂಡು, ಅಷ್ಟೇ. ಅದಕ್ಕೆ ಕುತ್ತಿಗೆ ಅನ್ನೋದೇ ಇರಲಿಲ್ಲ, ಆದ್ದರಿಂದ ಕುತ್ತಿಗೆಯ ರೋಗವೂ ಇರಲಿಲ್ಲ.

ಹತ್ತು ವರ್ಷದಲ್ಲಿ ಕಾಗದ ಹೋಗಿ ಲೋಹ ಬಂತು. ಲಂಡನ್ ಬಳಿಯ ವೂಲ್ವಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್ ಎಂಬ ಸೇನಾಧಿಕಾರಿ, ಸ್ನೈಡರ್ ರೈಫಲ್ಲಿಗಾಗಿ ತೆಳು ಹಿತ್ತಾಳೆ ಹಾಳೆಯನ್ನು ಸುತ್ತಿ ಕೇಸು ಮಾಡಿದ. ಬುಡಕ್ಕೆ ಕಬ್ಬಿಣದ ಒಂದು ಬಿಲ್ಲೆ. 1871ರಲ್ಲಿ ಬ್ರಿಟಿಷ್ ಸೇನೆ ಮಾರ್ಟಿನಿ-ಹೆನ್ರಿ ರೈಫಲ್ ತೆಗೆದುಕೊಂಡಾಗಲೂ ಇದೇ ಸುರುಳಿ ಕೇಸು ಮುಂದುವರಿಯಿತು. ಈ ಸಲ ಅದಕ್ಕೆ ಸೀಸೆಯ ಆಕಾರ: ದಪ್ಪ ಹೊಟ್ಟೆ, ಇಳಿಜಾರು ಭುಜ, ಸಣ್ಣ ಕುತ್ತಿಗೆ. ಹೊಟ್ಟೆಯ ಕಡೆ 0.577 ಇಂಚಿನ ಬಂದೂಕಿನ ಅಳತೆ, ಕುತ್ತಿಗೆಯಲ್ಲಿ 0.450 ಇಂಚಿನ ಗುಂಡು. ಹೆಚ್ಚು ಮದ್ದು, ಚಿಕ್ಕ ಗುಂಡು, ಹೆಚ್ಚು ವೇಗ. ಲೆಕ್ಕ ಸರಿಯಾಗೇ ಇತ್ತು.

ಲೆಕ್ಕ ತಪ್ಪಿದ್ದು ಮರುಭೂಮಿಯಲ್ಲಿ. 1885ರ ಜನವರಿ 17ರಂದು ಸೂಡಾನಿನ ಅಬು ಕ್ಲೀಯಾ ಎಂಬಲ್ಲಿ, ಖಾರ್ಟೂಮಿನಲ್ಲಿ ಸಿಕ್ಕಿಬಿದ್ದಿದ್ದ ಜನರಲ್ ಗಾರ್ಡನ್‌ನನ್ನು ಬಿಡಿಸಲು ಹೊರಟ ಬ್ರಿಟಿಷ್ ಪಡೆಯ ಮೇಲೆ ಮಹದಿಯ ಸೈನ್ಯ ಮುಗಿಬಿತ್ತು. ಬಿಸಿಲು, ಮರಳು, ಕಾದ ಬಂದೂಕು. ಸುರುಳಿ ಕೇಸು ಕೋಣೆಯ ಗೋಡೆಗೆ ಅಂಟಿಕೊಂಡಿತು. ಹೊರಗೆಳೆದರೆ ಬುಡದ ಬಿಲ್ಲೆ ಮಾತ್ರ ಕಿತ್ತು ಬಂತು, ಹಿತ್ತಾಳೆ ಒಳಗೇ ಉಳಿಯಿತು. ಬಂದೂಕು ಕಚ್ಚಿಕೊಂಡ ಸೈನಿಕನ ಕೈಯಲ್ಲಿ ಉಳಿದದ್ದು ಒಂದು ದೊಣ್ಣೆ ಮತ್ತು ಬಾಯನೆಟ್ಟು. ಬ್ರಿಟಿಷರ ಚೌಕವ್ಯೂಹ ಅವತ್ತು ಒಂದು ಕಡೆ ಒಡೆದುಹೋಯಿತು. ಅದಕ್ಕೆ ಕಾಡತೂಸೊಂದೇ ಕಾರಣವಲ್ಲ. ಆದರೆ ಈ ದೂರು ಲಂಡನ್ನಿಗೆ ಜೋರಾಗೇ ಕೇಳಿಸಿತು. ಸುರುಳಿ ಕೇಸಿನ ಜಾಗಕ್ಕೆ ಒಂದೇ ತುಂಡಿನ ಹಿತ್ತಾಳೆ ಕೇಸು ಬಂತು.

ಒಂದೇ ತುಂಡು ಅಂದರೆ ಹೀಗೆ: ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಹಿತ್ತಾಳೆಯ ಬಿಲ್ಲೆಯೊಂದನ್ನು ಒತ್ತಿ ಬಟ್ಟಲು ಮಾಡುತ್ತಾರೆ. ಆ ಬಟ್ಟಲನ್ನು ಹಂತಹಂತವಾಗಿ ಹೆಚ್ಚು ಹೆಚ್ಚು ಕಿರಿದಾದ ಅಚ್ಚುಗಳಲ್ಲಿ ತೂರಿಸಿ ಉದ್ದನೆ ಕೊಳವೆಯಾಗಿ ಎಳೆಯುತ್ತಾರೆ. ಕೊನೆಗೆ ಭುಜ, ಕುತ್ತಿಗೆ. ಈ ಒತ್ತಿ-ಎಳೆಯುವ ಕೆಲಸ ನಡೆಯೋದು ಲೋಹ ತಣ್ಣಗಿರುವಾಗಲೇ. ಇಲ್ಲೊಂದು ವಿಷಯ ಗಮನಿಸಬೇಕು. ಒಂದು ಜೆಮ್‌ಕ್ಲಿಪ್ಪನ್ನು ನಾಲ್ಕು ಸಲ ಬಗ್ಗಿಸಿ ನೋಡಿ. ಬಗ್ಗಿದ ಜಾಗ ಪೆಡಸಾಗುತ್ತೆ, ಇನ್ನೆರಡು ಸಲ ಬಗ್ಗಿಸಿದರೆ ಮುರಿಯುತ್ತೆ. ಹಿತ್ತಾಳೆಯೂ ಹಾಗೇ. ತಣ್ಣಗಿರುವಾಗ ಬಡಿದಷ್ಟೂ, ಎಳೆದಷ್ಟೂ ಪೆಡಸು. ಮಧ್ಯೆ ಮಧ್ಯೆ ಬೆಂಕಿಗೆ ಹಿಡಿದು ಕಾಯಿಸಿದರೆ ಮತ್ತೆ ಮೆದುವಾಗುತ್ತೆ. ನಾಗಮಂಗಲದಂಥ ಊರುಗಳಲ್ಲಿ ಹಿತ್ತಾಳೆ ಕೆಲಸ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಡಿದು ಪಾತ್ರೆ ಮಾಡುವವನು ನಡುನಡುವೆ ಅದನ್ನು ಒಲೆಗೆ ಹಾಕಿ ಹದಕ್ಕೆ ತರುತ್ತಾನೆ. ಎಂಜಿನಿಯರಿಂಗ್ ಓದಿದವರು ಇದಕ್ಕೆ ಅನೀಲಿಂಗ್ ಅಂತಾರೆ. ಮುದ್ದೆಗೂ ಮಣ್ಣಿಗೂ ಬಳಸುವ ನಮ್ಮ ‘ಹದ’ ಅನ್ನೋ ಮಾತು ಹಿತ್ತಾಳೆಗೂ ಒಪ್ಪುತ್ತೆ.

ಕಾಡತೂಸಿನ ಕಾರ್ಖಾನೆಗಳಿಗೂ ಇದು ಗೊತ್ತಿತ್ತು. ಎರಡು ಎಳೆತಗಳ ನಡುವೆ ಕೇಸನ್ನು ಕಾಯಿಸುತ್ತಿದ್ದರು, ಇಲ್ಲದಿದ್ದರೆ ಅದು ಅಚ್ಚಿನಲ್ಲೇ ಹರಿದುಹೋಗುತ್ತಿತ್ತು. ಆದರೆ ಕೊನೆಯ ಎಳೆತ, ಕೊನೆಯ ಒತ್ತು ಬಿದ್ದ ಮೇಲೆ ಲೋಹದಲ್ಲಿ ಉಳಿಯುವ ಬಿಗಿತದ ಬಗ್ಗೆ ಯಾರೂ ಹೆಚ್ಚು ಯೋಚಿಸಿರಲಿಲ್ಲ. ಅದು ಕಣ್ಣಿಗೆ ಕಾಣೋದಿಲ್ಲ. ಅಳತೆ ಸರಿಯಾಗಿರುತ್ತೆ, ಮೈ ಹೊಳೆಯುತ್ತೆ, ತಪಾಸಣೆಯಲ್ಲಿ ಪಾಸ್ ಆಗುತ್ತೆ. ಒಳಗೆ ಮಾತ್ರ ಲೋಹದ ಒಂದು ಪದರ ಇನ್ನೊಂದನ್ನು ಜಗ್ಗುತ್ತಾ ಕೂತಿರುತ್ತೆ. ಸಾಫ್ಟ್‌ವೇರ್‌ನವರಿಗೆ ಈ ಪರಿಸ್ಥಿತಿ ಹೊಸದಲ್ಲ: ಹಳೇ ಬಗ್ ಸರಿಪಡಿಸಿದ ಕೋಡ್‌ನಲ್ಲೇ ಹೊಸ ಬಗ್ ಸದ್ದಿಲ್ಲದೆ ಸೇರಿಕೊಂಡಿತ್ತು. ಅದು ಹೊರಗೆ ಬರೋಕೆ ಬೇಕಾಗಿದ್ದ ವಾತಾವರಣ ಭಾರತದಲ್ಲಿ ಸಿದ್ಧವಾಗಿತ್ತು.

ಲೋಹವಿಜ್ಞಾನದ ಪಾಠಗಳಲ್ಲಿ ಇವತ್ತಿಗೂ ಹೇಳುವ ಕಥೆ ಇದು. ಮಳೆಗಾಲದಲ್ಲಿ ಸೇನೆಯ ಓಡಾಟ ಕಮ್ಮಿ. ದಾರಿಯೆಲ್ಲ ಕೆಸರು, ಹೊಳೆಯೆಲ್ಲ ತುಂಬು. ಮಳೆ ನಿಲ್ಲೋವರೆಗೆ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ಎಷ್ಟೋ ಕೇಸುಗಳು ಬಿರುಕು ಬಿಟ್ಟಿರುತ್ತಿದ್ದವು, ಅದರಲ್ಲೂ ಗುಂಡು ಕೂತ ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳು. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ. ಇಟ್ಟಲ್ಲೇ ಇದ್ದದ್ದು ಸೀಳಿದೆ.

ಸೀಳಿದ ಕಾಡತೂಸು ಅಂದರೆ ಬರೀ ಸರ್ಕಾರದ ನಷ್ಟ ಅಲ್ಲ. ಒಳಗಿನ ಮದ್ದಿಗೆ ತೇವ ತಾಗುತ್ತೆ. ಗುಂಡಿನ ಹಿಡಿತ ಸಡಿಲವಾಗುತ್ತೆ. ಹಾರಿಸುವಾಗ ಕೋಣೆಯ ಗೋಡೆಗೆ ಒತ್ತಿಕೊಂಡು ಬಿಸಿ ಅನಿಲವನ್ನು ತಡೆಯಬೇಕಾದದ್ದು ಈ ಹಿತ್ತಾಳೆಯೇ. ಅದೇ ಸೀಳಿದ್ದರೆ ಅನಿಲ ಹಿಂದಕ್ಕೆ ನುಗ್ಗುತ್ತೆ, ಬಂದೂಕು ಹಿಡಿದವನ ಮುಖದ ಕಡೆಗೆ. ಹಿಡಿದವನು ಬ್ರಿಟಿಷ್ ಸೋಲ್ಜರ್ ಆದರೂ ಸರಿ, ನಮ್ಮೂರಿನ ಸಿಪಾಯಿ ಆದರೂ ಸರಿ.

ಮಳೆಗಾಲದಲ್ಲಿ ಬರೋ ಕಾಯಿಲೆ, ಆದ್ದರಿಂದ ಮಳೆಗಾಲದ್ದೇ ತಪ್ಪು. ಇಂಗ್ಲಿಷಿನಲ್ಲಿ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರು ಬಿತ್ತು. ಒಣಗಿದ ಮರ ಹವೆಗೆ ಸಿಕ್ಕಿ ಬಿರಿಯೋದನ್ನು ಹೋಲುತ್ತದೆ ಅನ್ನೋ ಅರ್ಥವೂ ಆ ಹೆಸರಿನಲ್ಲಿ ಬೆರೆತಿದೆ. ಹೆಸರು ಇಟ್ಟ ಮೇಲೆ ರೋಗ ಅರ್ಥವಾದ ಹಾಗೇ ಅನಿಸುತ್ತೆ, ಅಲ್ವಾ? ಹವಾಮಾನವನ್ನು ಯಾರು ತಾನೆ ರಿಪೇರಿ ಮಾಡೋಕಾಗುತ್ತೆ. ತಪ್ಪನ್ನು ಆಕಾಶದ ಮೇಲೆ ಹೊರಿಸಿದರೆ ಕಾರ್ಖಾನೆಯವನೂ ಉಳಿದುಕೊಂಡ, ಉಗ್ರಾಣದವನೂ ಉಳಿದುಕೊಂಡ.

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕುತ್ತಿಗೆಯ ಮೇಲಿನ ಭಾರ ಇನ್ನೂ ಹೆಚ್ಚಾಯಿತು. 1888ರ ಸುಮಾರಿಗೆ ಬಂದ 0.303 ಇಂಚಿನ ಕಾಡತೂಸಿಗೆ ಕೆಲವೇ ವರ್ಷದಲ್ಲಿ ಕಪ್ಪು ಮದ್ದಿನ ಬದಲು ಕಾರ್ಡೈಟ್ ಬಂತು. ಕಾರ್ಡೈಟ್ ಪುಡಿಯಲ್ಲ, ಶಾವಿಗೆಯಂಥ ಉದ್ದನೆ ಎಳೆಗಳ ಕಟ್ಟು. ಈ ಕಟ್ಟು ಸಣ್ಣ ಕುತ್ತಿಗೆಯಲ್ಲಿ ತೂರೋದಿಲ್ಲ. ಅದಕ್ಕೆ ಕೇಸು ಇನ್ನೂ ನೆಟ್ಟಗಿನ ಕೊಳವೆಯಾಗಿರುವಾಗಲೇ ಕಾರ್ಡೈಟ್ ತುಂಬಿ, ಆಮೇಲೆ ಬಾಯಿಯನ್ನು ಒತ್ತಿ ಕುತ್ತಿಗೆ ಮಾಡುತ್ತಿದ್ದರು. ಇದರ ಪರಿಣಾಮ ಯೋಚಿಸಿ: ಕುತ್ತಿಗೆ ಆದ ಮೇಲೆ ಅದನ್ನು ಬೆಂಕಿಗೆ ಹಿಡಿದು ಹದ ಮಾಡೋ ಹಾಗೇ ಇಲ್ಲ, ಒಳಗೆ ಮದ್ದಿದೆ. ಹದ ಮಾಡೋದಿದ್ದರೆ ಮೊದಲೇ ಮಾಡಿರಬೇಕು. ಕೊನೆಯ ಒತ್ತು ಬಿಟ್ಟುಹೋದ ಬಿಗಿತ ಹಾಗೇ ಉಳಿಯುತ್ತೆ.

ಉತ್ತರ ಪೂರ್ತಿಯಾಗಿ ಸಿಕ್ಕಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1921ರಲ್ಲಿ ಎಚ್. ಮೂರ್, ಎಸ್. ಬೆಕಿನ್‌ಸೇಲ್ ಮತ್ತು ಸಿ. ಇ. ಮ್ಯಾಲಿನ್‌ಸನ್ ಎಂಬ ಮೂವರು ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಮೆಟಲ್ಸ್‌ನ ಪತ್ರಿಕೆಯಲ್ಲಿ ಹಿತ್ತಾಳೆಯ ಸೀಸನ್ ಕ್ರ್ಯಾಕಿಂಗ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ವೂಲ್ವಿಚ್‌ನ ಸಂಶೋಧನಾ ವಿಭಾಗದಲ್ಲಿ. ಬಾಕ್ಸರ್ ತನ್ನ ಸುರುಳಿ ಕೇಸು ಮಾಡಿದ ಅದೇ ವೂಲ್ವಿಚ್.

ಅಪರಾಧಿ ಮಳೆಯಲ್ಲ, ಲಾಯದ ಗಾಳಿ ಅಂತಾಯಿತು. ಕುದುರೆಯ ಮೂತ್ರದಲ್ಲಿರುವ ಯೂರಿಯಾ ಕೊಳೆತು ಅಮೋನಿಯಾ ಆಗುತ್ತೆ. ಲಾಯದ ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯೋ ವಾಸನೆ ಅದೇ. ಮಳೆಗಾಲದ ತೇವಕ್ಕೆ ಹಿತ್ತಾಳೆಯ ಮೈಮೇಲೆ ಕಣ್ಣಿಗೆ ಕಾಣದ ತೆಳು ನೀರಿನ ಪದರ ಕೂರುತ್ತೆ, ಅಮೋನಿಯಾ ಅದರಲ್ಲಿ ಕರಗುತ್ತೆ. ಪಿಯುಸಿ ಲ್ಯಾಬಿನಲ್ಲಿ ತಾಮ್ರದ ಸಲ್ಫೇಟಿಗೆ ಅಮೋನಿಯಾ ಹಾಕಿದಾಗ ಕಡುನೀಲಿ ಬಣ್ಣ ಬಂದದ್ದು ನೆನಪಿದೆಯಾ? ತಾಮ್ರಕ್ಕೂ ಅಮೋನಿಯಾಕ್ಕೂ ಅಷ್ಟು ಸಲುಗೆ. ಹಿತ್ತಾಳೆಯ ಮೈಯಲ್ಲೂ ಅದೇ ನಡೆಯುತ್ತೆ, ಲೋಹದ ಹರಳುಗಳ ನಡುವಿನ ಸಂದುಗಳಲ್ಲಿ ಕೊರೆತ ಶುರುವಾಗುತ್ತೆ.

ಆದರೆ ಬರೀ ಅಮೋನಿಯಾ ಸಾಲದು. ಒಳಗೆ ಬಿಗಿತ ಇಲ್ಲದ ಹಿತ್ತಾಳೆ ಅದೇ ಗಾಳಿಯಲ್ಲಿ ಬಣ್ಣಗೆಡಬಹುದೇ ಹೊರತು ಹಾಗೆ ಸೀಳೋದಿಲ್ಲ. ಬಿಗಿತ ಮಾತ್ರ ಇದ್ದು ಅಮೋನಿಯಾ ಇಲ್ಲದಿದ್ದರೂ ಕೇಸು ವರ್ಷಗಟ್ಟಲೆ ಸುಮ್ಮನೆ ಕೂತಿರಬಹುದು. ಎರಡೂ ಸೇರಿದಾಗ ಮಾತ್ರ ಬಿರುಕು. ಕೊರೆತ ಒಂದು ಸಣ್ಣ ಗೀರು ಮಾಡಿಕೊಡುತ್ತೆ, ಒಳಗಿನ ಜಗ್ಗಾಟ ಅದನ್ನು ಹಿಗ್ಗಿಸುತ್ತೆ, ಹಿಗ್ಗಿದ ಗೀರಿನೊಳಗೆ ಮತ್ತೆ ಅಮೋನಿಯಾ. ಇಷ್ಟು ದಿನ ಉತ್ತರ ಯಾಕೆ ಸಿಗಲಿಲ್ಲ ಅನ್ನೋದಕ್ಕೂ ಇದೇ ಕಾರಣ ಅಂತ ನನ್ನ ಅನಿಸಿಕೆ. ಒಂದೇ ಕಾರಣ ಹುಡುಕುವವನಿಗೆ ಎರಡು ಕಾರಣದ ರೋಗ ಕಾಣಿಸೋದಿಲ್ಲ. ಅದೇ ಕಾರ್ಖಾನೆಯ ಕೇಸು ಬೇರೆಲ್ಲೋ ಚೆನ್ನಾಗಿದೆ, ಹಾಗಾದರೆ ಕಾರ್ಖಾನೆಯದ್ದು ತಪ್ಪಿಲ್ಲ. ಅದೇ ಲಾಯದಲ್ಲಿ ಕೆಲವು ಕೇಸು ಚೆನ್ನಾಗಿವೆ, ಹಾಗಾದರೆ ಲಾಯದ್ದೂ ತಪ್ಪಿಲ್ಲ. ಉಳಿದದ್ದು ಮಳೆ.

ಕುತ್ತಿಗೆಯೇ ಯಾಕೆ ಸೀಳುತ್ತಿತ್ತು ಅನ್ನೋದಕ್ಕೂ ಇಲ್ಲಿ ಉತ್ತರವಿದೆ. ಗುಂಡು ಕುತ್ತಿಗೆಯೊಳಗೆ ಕೂತಾಗ ಅದನ್ನು ಹೊರಕ್ಕೆ ಹಿಗ್ಗಿಸುತ್ತಾ ಇರುತ್ತೆ. ಬಿಗಿಯಾದ ಬಳೆ ತೊಟ್ಟ ಹಾಗೆ, ಸುತ್ತಲೂ ಎಳೆತ. ಗುಂಡಿನ ಹಿಡಿತ ಅಂತ ನಾವು ಕರೆಯೋದು ಈ ಎಳೆತವನ್ನೇ. ಅಂದರೆ ಗುಂಡನ್ನು ಹಿಡಿದಿದ್ದ ಬಲ ಮತ್ತು ಕುತ್ತಿಗೆಯನ್ನು ಸೀಳಿದ ಬಲ ಬೇರೆ ಬೇರೆ ಅಲ್ಲ. ಕಾರ್ಖಾನೆ ಬಿಟ್ಟುಹೋದ ಬಿಗಿತದ ಮೇಲೆ ಈ ಬಿಗಿತವೂ ಕೂಡಿಕೊಂಡಿತ್ತು. ಹಿಡಿತವನ್ನೇ ತೆಗೆದುಹಾಕೋಣ ಅಂದರೆ ಗುಂಡು ನಿಲ್ಲೋದಿಲ್ಲ. ತೆಗೆಯಬಹುದಾದದ್ದು ಬೇಡದ ಬಿಗಿತವನ್ನು ಮಾತ್ರ.

ಅದಕ್ಕೆ ಸಿಕ್ಕ ಪರಿಹಾರ ಹೊಸ ಮಿಶ್ರಲೋಹವಲ್ಲ, ಅದೇ ಹಳೇ ಒಲೆ. ಹಿತ್ತಾಳೆಯನ್ನು 250ರಿಂದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ ಗಟ್ಟಿತನ ಹೆಚ್ಚೇನೂ ಹೋಗದೆ ಒಳಬಿಗಿತ ಮಾತ್ರ ಇಳಿಯುತ್ತೆ. ಇನ್ನೂ ಹೆಚ್ಚು ಕಾಯಿಸಿದರೆ ಲೋಹವೇ ಪೂರ್ತಿ ಮೆದು. ಒಳಗೆ ಬಿಗಿತ ಉಳಿದಿದೆಯಾ ಇಲ್ಲವಾ ಅಂತ ನೋಡೋಕೆ ಪಾದರಸದ ಲವಣದ ದ್ರಾವಣದಲ್ಲಿ ಒಂದು ಕೇಸನ್ನು ಅದ್ದಿ ಪರೀಕ್ಷಿಸುವ ಪದ್ಧತಿಯೂ ಇತ್ತು. ಬಿಗಿತ ಇದ್ದರೆ ಲಾಯದಲ್ಲಿ ತಿಂಗಳುಗಟ್ಟಲೆ ಹಿಡಿಯುವ ಸೀಳು ಅಲ್ಲೇ ಸ್ವಲ್ಪ ಹೊತ್ತಿನಲ್ಲಿ ಬಾಯಿ ಬಿಡುತ್ತಿತ್ತು. ಜೊತೆಗೆ, ಕಾಡತೂಸನ್ನು ಲಾಯದಲ್ಲಿ ಇಡಬೇಡಿ.

ಈಗ ಮತ್ತೆ ಗ್ಯಾರೇಜಿಗೆ ಹೋಗೋಣ. ಅಲ್ಲಿ ಲಾಯವಿಲ್ಲ, ಕುದುರೆಯಿಲ್ಲ. ಆದರೆ ಹಿತ್ತಾಳೆ ಅದೇ. ಒಂದು ಸಲ ಹಾರಿಸಿದಾಗ ಕುತ್ತಿಗೆ ಬಂದೂಕಿನ ಕೋಣೆಯ ಅಳತೆಗೆ ಹಿಗ್ಗುತ್ತೆ. ಡೈಯಲ್ಲಿ ಒತ್ತಿದಾಗ ಕುಗ್ಗುತ್ತೆ. ಡೈಯೊಳಗಿನ ಗುಂಡಿಯಂಥ ಭಾಗ ಹೊರಗೆ ಬರುವಾಗ ಮತ್ತೆ ಸ್ವಲ್ಪ ಹಿಗ್ಗಿಸುತ್ತೆ. ಗುಂಡು ಕೂರಿಸಿದಾಗ ಇನ್ನೊಂಚೂರು. ಪ್ರತಿ ಸುತ್ತಿಗೂ ಜೆಮ್‌ಕ್ಲಿಪ್ಪನ್ನು ಬಗ್ಗಿಸಿದ ಹಾಗೆ ಪೆಡಸು ಏರುತ್ತಾ ಹೋಗುತ್ತೆ. ಪೆಡಸಾದ ಕುತ್ತಿಗೆ ಡೈಯಿಂದ ಹೊರಬಂದ ಮೇಲೆ ಹಿಂದಕ್ಕೆ ಪುಟಿಯೋದು ಹೆಚ್ಚು, ಅದಕ್ಕೆ ಒಂದೇ ಡೈಯಲ್ಲಿ ಒತ್ತಿದ ಕೇಸುಗಳ ಅಳತೆ ಒಂದೇ ಇರೋದಿಲ್ಲ. ಅಳತೆ ಒಂದೇ ಬಂದರೂ ಮೆದು ಹಿತ್ತಾಳೆಯ ಹಿಡಿತ ಬೇರೆ, ಪೆಡಸಿನ ಹಿಡಿತ ಬೇರೆ. ಎರಡು ಸಲ ಹಾರಿಸಿದ ಕೇಸು ಮತ್ತು ಎಂಟು ಸಲ ಹಾರಿಸಿದ ಕೇಸು ಒಂದೇ ಡಬ್ಬಿಯಲ್ಲಿದ್ದರೆ ಒಂದು ಜಾರುತ್ತೆ, ಇನ್ನೊಂದು ಹಟ ಮಾಡುತ್ತೆ. ಇನ್ನೂ ಮುಂದುವರಿಸಿದರೆ ಒಂದು ದಿನ ಕುತ್ತಿಗೆ ಉದ್ದಕ್ಕೆ ಸೀಳುತ್ತೆ. ಲಾಯದಲ್ಲಿ ಕಂಡ ಸೀಳನ್ನೇ ಹೋಲುವ ಸೀಳು.

ಹಿಡಿತ ಕೆಡಿಸೋ ಬೇರೆ ಕಾರಣಗಳೂ ಇವೆ. ಬೇರೆ ಬೇರೆ ಕಂಪನಿಯ ಕೇಸು ಬೆರೆತರೆ ಕುತ್ತಿಗೆಯ ಗೋಡೆಯ ದಪ್ಪ ಬೇರೆಯಾಗುತ್ತೆ. ಒಂದೇ ಕೇಸಿನಲ್ಲೂ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರಬಹುದು. ಕುತ್ತಿಗೆಯೊಳಗಿನ ಮಸಿ ಒಂದು ಥರ ಎಣ್ಣೆಯ ಕೆಲಸ ಮಾಡುತ್ತೆ, ಕೆಲವದರಲ್ಲಿ ಮಸಿ ಇದ್ದು ಕೆಲವನ್ನು ಫಳಫಳ ತೊಳೆದಿದ್ದರೆ ಗುಂಡು ಇಳಿಯುವ ರೀತಿ ಬದಲಾಗುತ್ತೆ. ಆದ್ದರಿಂದ ಅನುಭವಿಗಳು ಹೇಳೋ ಕ್ರಮ ಸರಳ: ಮೊದಲು ಕೇಸುಗಳನ್ನು ಕಂಪನಿ ಮತ್ತು ಎಷ್ಟು ಸಲ ಹಾರಿಸಿದ್ದು ಅನ್ನೋ ಲೆಕ್ಕದಲ್ಲಿ ಬೇರೆ ಮಾಡು. ಗೋಡೆಯ ದಪ್ಪ ಅಳೆ. ಎಲ್ಲವನ್ನೂ ಒಂದೇ ರೀತಿ ಶುಚಿ ಮಾಡು. ಆಮೇಲೆ ಎಲ್ಲದರ ಕುತ್ತಿಗೆಯನ್ನೂ ಒಂದೇ ಹದಕ್ಕೆ ಕಾಯಿಸು. ಇಷ್ಟಾದ ಮೇಲೂ ವ್ಯತ್ಯಾಸ ಇದ್ದರೆ ಆಗ ಡೈಯನ್ನು ಅನುಮಾನಿಸು.

ಕಾಯಿಸೋದರಲ್ಲೂ ಲಗಾಮು ಬೇಕು. ಕುತ್ತಿಗೆ ಮತ್ತು ಭುಜ ಮಾತ್ರ ಮೆದುವಾಗಬೇಕು, ಬುಡ ಪೆಡಸಾಗೇ ಇರಬೇಕು. ಹಾರಿಸಿದಾಗ ವಾತಾವರಣದ ಮೂರು ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡ ತಡೆಯಬೇಕಾದದ್ದು ಬುಡ. ಬುಡಕ್ಕೆ ಶಾಖ ಇಳಿದು ಅದು ಮೆದುವಾದರೆ ಮತ್ತೆ ಕಾಯಿಸಿ ಗಟ್ಟಿ ಮಾಡೋಕಾಗಲ್ಲ, ಯಾಕೆಂದರೆ ಈ ಹಿತ್ತಾಳೆ ಗಟ್ಟಿಯಾಗೋದು ಏಟಿಗೆ, ಬೆಂಕಿಗಲ್ಲ. ಅಂಥ ಕೇಸನ್ನು ಎಸೆಯಬೇಕು. ಅಮೋನಿಯಾ ಇರುವ ಪಾಲಿಶ್‌ನಿಂದ ಕೇಸು ಉಜ್ಜಬೇಡಿ ಅಂತಲೂ ಅವರು ಹೊಸಬರಿಗೆ ಎಚ್ಚರಿಕೆ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಎಷ್ಟು ಜನಕ್ಕೆ ಕುದುರೆ ಲಾಯದ ನೆನಪು ಬರುತ್ತೋ ಗೊತ್ತಿಲ್ಲ, ಆದರೆ ಆ ಮಾತಿನ ಹಿಂದೆ ಇರೋದು ಅದೇ ಲಾಯ.

ಒಳಗಿನ ಬಿಗಿತ ಮತ್ತು ಹೊರಗಿನ ಗಾಳಿ-ನೀರು ಕೈಜೋಡಿಸಿ ಲೋಹವನ್ನು ಸೀಳೋದು ಬರೀ ಹಿತ್ತಾಳೆಯ ಕಥೆಯಾಗಿ ಉಳಿಯಲಿಲ್ಲ. 1967ರ ಡಿಸೆಂಬರ್ 15ರ ಸಂಜೆ ಅಮೆರಿಕದ ಓಹಾಯೋ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ತನಿಖೆ ಮಾಡಿದಾಗ ಸಿಕ್ಕಿದ್ದು ಉಕ್ಕಿನ ಒಂದು ಪಟ್ಟಿಯ ಕಣ್ಣಿನ ಬಳಿ ಇದ್ದ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಸೇತುವೆಯನ್ನು ಬಿಚ್ಚದೆ ನೋಡಲಾಗದ ಜಾಗದಲ್ಲಿತ್ತು. ಲೋಹ ಬೇರೆ, ದೇಶ ಬೇರೆ, ಮೂಲ ಪಾಠ ಒಂದೇ.

ನಮ್ಮ ಆಫೀಸುಗಳಲ್ಲೂ ‘ಮಳೆಗಾಲ’ದ ಹೆಸರಿನ ಕಾರಣಗಳು ಬೇಕಾದಷ್ಟಿವೆ. ಸರ್ವರ್ ಸೋಮವಾರ ಮಾತ್ರ ನಿಧಾನ, ಆ ಟೀಮು ಕ್ವಾರ್ಟರ್ ಕೊನೆಯಲ್ಲಿ ಮಾತ್ರ ಎಡವುತ್ತೆ, ಆ ಹುಡುಗ ಒತ್ತಡ ಬಂದಾಗ ಮಾತ್ರ ಸಿಡಿಯುತ್ತಾನೆ. ತಪ್ಪು ಯಾವಾಗ ಕಾಣಿಸಿತು ಅನ್ನೋದನ್ನೇ ತಪ್ಪಿನ ಕಾರಣ ಅಂದುಕೊಳ್ಳೋದು ಸುಲಭ. ಒಳಗೆ ಯಾವ ಬಿಗಿತ ಮೊದಲೇ ಕೂತಿತ್ತು, ಅದನ್ನು ಇಟ್ಟವರು ಯಾರು ಅಂತ ಕೇಳೋದು ಕಷ್ಟ, ಯಾಕೆಂದರೆ ಉತ್ತರ ನಮ್ಮ ಕಾರ್ಖಾನೆಗೇ ಬರಬಹುದು.

ಇವತ್ತು ಅಮೆರಿಕದ ಸೇನೆಗೆ ಮಾಡುವ ಹಿತ್ತಾಳೆ ಕಾಡತೂಸನ್ನು ನೋಡಿದರೆ ಕುತ್ತಿಗೆ ಮತ್ತು ಭುಜದ ಸುತ್ತ ಕಂದು-ನೀಲಿ ಕಲೆ ಕಾಣುತ್ತೆ. ಕೊನೆಯಲ್ಲಿ ಕುತ್ತಿಗೆ ಕಾಯಿಸಿದಾಗ ಬಿದ್ದ ಬಣ್ಣ ಅದು. ಅಂಗಡಿಗೆ ಹೋಗುವ ಕಾಡತೂಸಿನಲ್ಲಿ ಆ ಬಣ್ಣವನ್ನು ಸಾಮಾನ್ಯವಾಗಿ ಉಜ್ಜಿ ತೆಗೆದಿರುತ್ತಾರೆ, ಗಿರಾಕಿಗೆ ಹೊಳಪು ಇಷ್ಟ ಅಂತ. ಸೇನೆ ಮಾತ್ರ ಅದನ್ನು ಹಾಗೇ ಬಿಡಿಸುತ್ತೆ, ಈ ಕುತ್ತಿಗೆ ಬೆಂಕಿ ಕಂಡಿದೆ ಅಂತ ಕಣ್ಣಿಗೇ ಗೊತ್ತಾಗಲಿ ಅಂತ. ತಿಳಿಯದವರು ಅದನ್ನು ಹಳೇ ಮಾಲು ಅಂದುಕೊಂಡು ಪಕ್ಕಕ್ಕಿಡುತ್ತಾರಂತೆ.